ದೇವರಿಗಾಗಿ ನಿದ್ದೆ ಬಿಟ್ಟವರು: ಅಪ್ಪಾಚಿವಾಡಿಯ ಜಾಗರದಿಂದ ಅಥೆನ್ಸಿನ ಇರುಳ ಜಾತ್ರೆವರೆಗೆ

ಬೋರಗಾಂವದವರಿಗೆ ಅಪ್ಪಾಚಿವಾಡಿ ದೂರದ ಊರಲ್ಲ. ಎರಡೂ ನಿಪ್ಪಾಣಿ ತಾಲೂಕಿನವೇ. ಕುರ್ಲಿ-ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆ ಬಂತೆಂದರೆ ಕರ್ನಾಟಕದ ಜನ, ಮಹಾರಾಷ್ಟ್ರದ ಜನ ಎಂಬ ಫರಕು ಇಲ್ಲದೆ ಎಲ್ಲರೂ ಅಲ್ಲಿ ಸೇರುತ್ತಾರೆ. ರಾತ್ರಿಯಿಡೀ ಢೋಲಿನ ಜಾಗರ ನಡೆಯುತ್ತದೆ. ಭಂಡಾರ ಹಾರುತ್ತದೆ. ನಸುಕಿನಲ್ಲಿ ನಾಥರ ಭಾಕಣೂಕ ಆಗುತ್ತದೆ. ಮಳೆ ಹೇಗೆ, ಬೆಳೆ ಹೇಗೆ, ಧಾರಣಿ ಏರುತ್ತದೋ ಇಳಿಯುತ್ತದೋ, ರಾಜಕಾರಣ ಯಾವ ಕಡೆ ಹೊರಳುತ್ತದೆ ಎಂಬೆಲ್ಲ ಮಾತು ಅದರಲ್ಲಿ ಬರುತ್ತದೆ. ಬೆಳಗಾಗುವಷ್ಟರಲ್ಲಿ ಆ ನುಡಿ ಎಲ್ಲರ ಮೊಬೈಲ್‌ಗೆ ಬಂದಿರುತ್ತದೆ, ಮರುದಿನ ಪತ್ರಿಕೆಯಲ್ಲೂ ಅಚ್ಚಾಗುತ್ತದೆ.

ಭಾಕಣೂಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದಕ್ಕೂ ಮುಂಚಿನ ಆ ಉದ್ದನೆಯ ರಾತ್ರಿಯ ಬಗ್ಗೆ ಮಾತಾಡುವವರು ಕಡಿಮೆ. ದೇವರ ಹೆಸರಿನಲ್ಲಿ ಊರಿಗೆ ಊರೇ ಯಾಕೆ ಎಚ್ಚರ ಇರುತ್ತದೆ? ಬೇರೆ ದೇಶಗಳಲ್ಲೂ ಹೀಗೆ ಇತ್ತೇ? ಇದ್ದಲ್ಲಿ ಅದು ಏನಾಯಿತು? ಈ ಲೇಖನದಲ್ಲಿ ನಾವು ಹುಡುಕಿದ್ದು ಇದನ್ನು. ಹುಡುಕುತ್ತ ಎರಡೂವರೆ ಸಾವಿರ ವರ್ಷ ಹಿಂದಿನ ಗ್ರೀಸ್ ದೇಶಕ್ಕೆ ಹೋಗಿ ಬರಬೇಕಾಯಿತು. ಅಲ್ಲಿ ಕಂಡದ್ದು ನಮ್ಮ ಇಂದಿನ ಜಗಳಗಳಿಗೆ ಬಹಳ ಹತ್ತಿರದ್ದು.

ನಮ್ಮ ಭಾಗದ ಎಚ್ಚರದ ರಾತ್ರಿಗಳು

ಮೊದಲು ನಮ್ಮವನ್ನೇ ಎಣಿಸೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕಿನಲ್ಲಿ ವರ್ಷಕ್ಕೆ ಎಷ್ಟು ರಾತ್ರಿ ಜನ ಎಚ್ಚರ ಇರುತ್ತಾರೆ ಎಂದು ಲೆಕ್ಕ ಹಾಕಿದರೆ ಬೆರಳು ಸಾಲುವುದಿಲ್ಲ.

ಶಿವರಾತ್ರಿ ಎಲ್ಲರಿಗೂ ಗೊತ್ತು. ಮಾಘ ಮಾಸದ ಬಹುಳ ಚತುರ್ದಶಿ, ರಾತ್ರಿಗೆ ನಾಲ್ಕು ಯಾಮ, ಯಾಮಕ್ಕೊಂದು ಪೂಜೆ. ಬೇರೆ ಹಬ್ಬಗಳಿಗೆ ಸಾಮಾನ್ಯವಾಗಿ ಹಗಲಿನ ತಿಥಿ ನೋಡುತ್ತಾರೆ. ಶಿವರಾತ್ರಿಗೆ ನಡುರಾತ್ರಿ ಯಾವ ತಿಥಿ ಇದೆ ಎಂದು ನೋಡುತ್ತಾರೆ. ರಾತ್ರಿಯೇ ಆ ಹಬ್ಬದ ಯಜಮಾನ.

ಏಕಾದಶಿಗೆ ವಿಠ್ಠಲನ ಗುಡಿಯಲ್ಲಿ ಭಜನೆ, ಕೀರ್ತನೆ. ಪಂಢರಪುರದ ವಾರಿಗೆ ಹೋಗುವ ಮನೆಗಳಲ್ಲಿ ಅಂದು ಉಪವಾಸ, ರಾತ್ರಿ ಜಾಗರ, ದ್ವಾದಶಿ ಬೆಳಿಗ್ಗೆ ಪಾರಣೆ.

ಮದುವೆಯಾದ ಮನೆಯಲ್ಲಿ ಗೊಂದಲ ಹಾಕಿಸುವುದುಂಟು. ಸಂಬಳ, ತುಂತುಣಿ, ಕೈಯಲ್ಲಿ ಉರಿಯುವ ದೀವಟಿಗೆ. ಗೊಂದಲಿಗರು ಮೊದಲು ಊರೂರಿನ ದೇವರನ್ನು ಹೆಸರು ಹಿಡಿದು ಕರೆಯುತ್ತಾರೆ. ತುಳಜಾಪುರದ ಭವಾನಿ, ಕೊಲ್ಲಾಪುರದ ಮಹಾಲಕ್ಷ್ಮಿ, ಸವದತ್ತಿಯ ಎಲ್ಲಮ್ಮ ಎಲ್ಲರೂ ಅಂಗಳಕ್ಕೆ ಬರಬೇಕು. ಆಮೇಲೆ ಕತೆ ಶುರು. ಕನ್ನಡದಲ್ಲಿ ಎತ್ತಿಕೊಂಡ ಕತೆ ನಡುವೆ ಮರಾಠಿಗೆ ಹೊರಳಿದರೂ ಕೇಳುವವರಿಗೆ ಅಡ್ಡಿಯಿಲ್ಲ.

ಮೊಹರಂನ ಖತಲ್ ರಾತ್ರಿ ಇನ್ನೊಂದು. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಹುಸೇನರು ಹತರಾಗುವ ಹಿಂದಿನ ರಾತ್ರಿಯನ್ನು ಅವರೂ ಅವರ ಜೊತೆಗಾರರೂ ಪ್ರಾರ್ಥನೆಯಲ್ಲಿ ಕಳೆದರು ಎಂಬುದು ಪರಂಪರೆಯ ಮಾತು. ಅದರ ನೆನಪಿಗೆ ನಮ್ಮ ಊರುಗಳಲ್ಲಿ ಪಂಜಾ ಕೂರಿಸಿ, ಅಲಾವಿ ಹೊತ್ತಿಸಿ, ರಿವಾಯತ್ ಹಾಡಿ ರಾತ್ರಿ ಕಳೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಮುಸ್ಲಿಂ ಮನೆ ಒಂದೂ ಇಲ್ಲದ ಊರುಗಳಲ್ಲೂ ಮೊಹರಂ ನಡೆಯುತ್ತದೆ.

ಹಾಲುಮತದವರ ಡೊಳ್ಳಿನ ಪದ, ಹರದೇಶಿ-ನಾಗೇಶಿ ಸವಾಲ್ ಜವಾಬ್ ಕೂಡ ರಾತ್ರಿಯವೇ. ಗಂಡು ಮೇಲೋ ಹೆಣ್ಣು ಮೇಲೋ, ಶಿವ ಮೇಲೋ ಶಕ್ತಿ ಮೇಲೋ ಎಂದು ಎರಡು ಮೇಳ ಪದ ಕಟ್ಟಿ ಜಗಳಾಡುತ್ತವೆ. ಬೆಳಗಾದರೂ ಜಗಳ ಹರಿಯುವುದಿಲ್ಲ. ಅದು ಹರಿಯಬಾರದು ಎಂಬುದೇ ಆಟದ ನಿಯಮ.

ಮತ್ತೆ ನಮ್ಮ ಜಿಲ್ಲೆಯ ಹೆಮ್ಮೆ ಶ್ರೀಕೃಷ್ಣ ಪಾರಿಜಾತ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ತಂದ ಈ ಬಯಲಾಟವನ್ನು ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದರು. ನಾರದ ತಂದ ಒಂದು ಹೂವು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಆ ಮುನಿಸು ಇಳಿಯಲು ಒಂದು ಇಡೀ ರಾತ್ರಿ ಬೇಕು.

ಎಲ್ಲಕ್ಕೂ ದೊಡ್ಡದು ಭಾರತ ಹುಣ್ಣಿಮೆ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಸಾಂಗಲಿ, ಕೊಲ್ಲಾಪುರ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬಂದ ಜನ ಬಯಲಿನಲ್ಲೇ ಬಿಡಾರ ಹೂಡುತ್ತಾರೆ. ಅದೇ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡವೂ ತುಂಬುತ್ತದೆ.

ರಾತ್ರಿಯ ಜೊತೆ ಬೇರೆ ತರದ ನಂಟು ಇರುವವರೂ ನಮ್ಮಲ್ಲಿದ್ದಾರೆ. ಬೋರಗಾಂವ ಸುತ್ತಿನ ಜೈನ ಮನೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಆದರೆ ದೀಪಾವಳಿ ಅಮಾವಾಸ್ಯೆಯ ರಾತ್ರಿ ಕಳೆಯುವ ಹೊತ್ತು ಮಹಾವೀರರು ನಿರ್ವಾಣ ಹೊಂದಿದರೆಂದು ನಸುಕಿನಲ್ಲೇ ಬಸದಿಗೆ ಹೋಗಿ ನಿರ್ವಾಣ ಲಾಡು ಅರ್ಪಿಸುತ್ತಾರೆ. ಕತ್ತಲೆ ಮುಗಿದು ಬೆಳಕು ಹರಿಯುವ ಗಳಿಗೆ ಎಲ್ಲರಿಗೂ ಪವಿತ್ರ.

ರಾತ್ರಿಯೇ ಯಾಕೆ?

ಇದಕ್ಕೆ ಭಕ್ತಿಯ ಉತ್ತರ ಪುರಾಣಗಳಲ್ಲಿದೆ. ಇತಿಹಾಸದ ಉತ್ತರ ಹೊಲದಲ್ಲಿದೆ.

ಹಗಲು ದುಡಿಮೆಯದು. ಹೊಲದ ಒಡೆಯ, ಕೂಲಿಯಾಳು, ನೇಕಾರ, ಕುಂಬಾರ ಯಾರಿಗೂ ಹಗಲು ತಮ್ಮದಲ್ಲ. ರಾತ್ರಿ ಮಾತ್ರ ಎಲ್ಲರದು. ಅದಕ್ಕೇ ದೊಡ್ಡ ಜಾತ್ರೆಗಳು ಹೆಚ್ಚಾಗಿ ಹುಣ್ಣಿಮೆಗೆ ಬೀಳುತ್ತವೆ. ಲೈಟು ಇಲ್ಲದ ಕಾಲದಲ್ಲಿ ಚಕ್ಕಡಿ ಹೊಡೆಯಲು, ಬಯಲಲ್ಲಿ ಅಡುಗೆ ಮಾಡಲು, ಜನಸಂದಣಿಯಲ್ಲಿ ಮಕ್ಕಳನ್ನು ಗುರುತು ಹಿಡಿಯಲು ಬೆಳದಿಂಗಳೇ ಬೇಕಿತ್ತು. ಹುಣ್ಣಿಮೆ ಬಿಟ್ಟು ಅಮಾವಾಸ್ಯೆ ಹತ್ತಿರದ ರಾತ್ರಿಯನ್ನು ಹಿಡಿದ ಶಿವರಾತ್ರಿಯಂಥ ಹಬ್ಬದಲ್ಲಿ ದೀಪಕ್ಕೆ ಎಣ್ಣೆ ಬೇಕು. ಅಲ್ಲಿ ಎಣ್ಣೆ ಕೊಡುವುದೇ ಸೇವೆ. ನಂದಾದೀಪಕ್ಕೆಂದು ಎಣ್ಣೆ, ಭೂಮಿ, ಗಾಣ ದಾನ ಬಿಟ್ಟ ಶಾಸನಗಳು ಕನ್ನಡ ನಾಡಿನಲ್ಲಿ ಬೇಕಾದಷ್ಟಿವೆ. ಕತ್ತಲೆಯಲ್ಲಿ ಒಂದು ದೀಪ ಆರದಂತೆ ನೋಡಿಕೊಳ್ಳುವುದು ಅಷ್ಟು ದುಬಾರಿಯ ಕೆಲಸವಾಗಿತ್ತು.

ಎರಡನೆಯದು, ದಿನ ಯಾವಾಗ ಶುರುವಾಗುತ್ತದೆ ಎಂಬ ಪ್ರಶ್ನೆ. ನಮ್ಮ ಪಂಚಾಂಗದಲ್ಲಿ ಸೂರ್ಯೋದಯಕ್ಕೆ ದಿನ ಶುರು. ಮುಸ್ಲಿಂ ಪಂಚಾಂಗದಲ್ಲಿ ಸೂರ್ಯ ಮುಳುಗಿದ ಕೂಡಲೇ ಮರುದಿನ ಶುರು. ಹಾಗಾಗಿ ನಾವು 9ನೇ ದಿನದ ರಾತ್ರಿ ಎನ್ನುವ ಖತಲ್ ರಾತ್ರಿ ಅವರ ಲೆಕ್ಕದಲ್ಲಿ 10ನೇ ದಿನದ ಮೊದಲ ಭಾಗ. ಹಳೆಯ ಅಥೆನ್ಸಿನಲ್ಲೂ ದಿನ ಸೂರ್ಯಾಸ್ತಕ್ಕೇ ಶುರುವಾಗುತ್ತಿತ್ತು. ಹಬ್ಬ ಎಂದರೆ ಮೊದಲು ಬರುವುದು ರಾತ್ರಿ, ಆಮೇಲೆ ಹಗಲು.

ಅಥೆನ್ಸಿನ ಜಾಗರ

ಗ್ರೀಕರು ಈ ಇಡೀ ರಾತ್ರಿಯ ಹಬ್ಬಕ್ಕೆ 'ಪನ್ನಿಖಿಸ್' ಎನ್ನುತ್ತಿದ್ದರು. ಆ ಪದದ ಅರ್ಥವೇ ರಾತ್ರಿಯಿಡೀ ಎಂದು. ನಮ್ಮ 'ಜಾಗರ'ಕ್ಕೆ ಹತ್ತಿರದ ಮಾತು.

ಅಥೆನ್ಸಿನ ಊರದೇವತೆ ಅಥೀನಾ. ಅವಳ ದೊಡ್ಡ ಹಬ್ಬ ಪನಥೀನಿಯ. ಪ್ರತಿ ವರ್ಷ ನಡೆಯುತ್ತಿತ್ತು, ನಾಲ್ಕು ವರ್ಷಕ್ಕೊಮ್ಮೆ ಇನ್ನೂ ಜೋರಾಗಿ. ಆ ದೊಡ್ಡ ಹಬ್ಬ ಕ್ರಿ.ಪೂ. 566ರ ಹೊತ್ತಿಗೆ ಶುರುವಾಯಿತು ಎನ್ನುತ್ತಾರೆ. ಮೆರವಣಿಗೆಯ ಹಿಂದಿನ ರಾತ್ರಿ ಬೆಟ್ಟದ ಮೇಲೆ ಹುಡುಗರ ಹಾಡು, ಹುಡುಗಿಯರ ಕುಣಿತ. ಪಂಜಿನ ಓಟದಲ್ಲಿ ಗೆದ್ದವನು ತಂದ ಬೆಂಕಿಯಿಂದ ದೇವಿಯ ಬಲಿಪೀಠ ಹೊತ್ತುತ್ತಿತ್ತು. ಬೆಳಗಾದ ಮೇಲೆ ಮೆರವಣಿಗೆ, ದನಗಳ ಬಲಿ, ಊರಿಗೆಲ್ಲ ಮಾಂಸದ ಊಟ, ದೇವಿಗೆ ಹೊಸ ಸೀರೆಯಂಥ ನೇಯ್ದ ಬಟ್ಟೆ. ಬಟ್ಟೆ ನೇಯುವ ಕೆಲಸ ಹೆಣ್ಣುಮಕ್ಕಳದು.

ನಮ್ಮಂಥ ಗಡಿಯ ಜನಕ್ಕೆ ಇನ್ನೊಂದು ಕತೆ ಹೆಚ್ಚು ಹಿಡಿಸುತ್ತದೆ. ಅಥೆನ್ಸಿನ ಬಂದರು ಪಿರಿಯಸ್. ಅಲ್ಲಿ ಉತ್ತರದ ಥ್ರೇಸ್ ಸೀಮೆಯಿಂದ ಬಂದ ಜನ ಇದ್ದರು. ಅವರ ಭಾಷೆ ಬೇರೆ, ದೇವತೆ ಬೇರೆ. ಆ ದೇವತೆಯ ಹೆಸರು ಬೆಂದಿಸ್. ಕ್ರಿ.ಪೂ. 5ನೇ ಶತಮಾನದಲ್ಲಿ ಅಥೆನ್ಸ್ ಈ ಹೊರಗಿನ ದೇವತೆಯ ಪೂಜೆಯನ್ನು ತನ್ನದಾಗಿ ಒಪ್ಪಿಕೊಂಡಿತು. ಗುಡಿ ಕಟ್ಟಲು ಥ್ರೇಸಿನವರಿಗೆ ಜಾಗ ಹೊಂದುವ ಹಕ್ಕು ಸಿಕ್ಕಿತು. ಪರಊರಿನವರಿಗೆ ಅಂಥ ಹಕ್ಕು ಸುಲಭಕ್ಕೆ ಸಿಗುತ್ತಿರಲಿಲ್ಲ. ಹಬ್ಬದಲ್ಲಿ ಎರಡು ಮೆರವಣಿಗೆ, ಒಂದು ಊರಿನವರದು, ಒಂದು ಥ್ರೇಸಿನವರದು.

ಪ್ಲೇಟೋ ಬರೆದ 'ರಿಪಬ್ಲಿಕ್' ಎಂಬ ಜಗತ್ಪ್ರಸಿದ್ಧ ಪುಸ್ತಕ ಶುರುವಾಗುವುದೇ ಈ ಜಾತ್ರೆಯಿಂದ. ಸಾಕ್ರಟೀಸ್ ಜಾತ್ರೆ ನೋಡಲು ಬಂದರಿಗೆ ಇಳಿಯುತ್ತಾನೆ. ಎರಡೂ ಮೆರವಣಿಗೆ ನೋಡುತ್ತಾನೆ, ಥ್ರೇಸಿನವರದೂ ನಮ್ಮದರಷ್ಟೇ ಚೆಂದ ಇತ್ತು ಎನ್ನುತ್ತಾನೆ. ಊರ ಕಡೆ ಹೊರಟಾಗ ಗೆಳೆಯರು ತಡೆಯುತ್ತಾರೆ. ರಾತ್ರಿ ಕುದುರೆ ಮೇಲೆ ಪಂಜಿನ ಓಟ ಇದೆ, ಆಮೇಲೆ ಇಡೀ ರಾತ್ರಿ ಜಾಗರ ಇದೆ, ನೋಡಿಕೊಂಡು ಹೋಗು ಎಂದು ಒತ್ತಾಯ ಮಾಡುತ್ತಾರೆ. ಅವನು ಉಳಿಯುತ್ತಾನೆ. ನ್ಯಾಯ ಎಂದರೆ ಏನು ಎಂದು ಮಾತಿಗೆ ಕೂತವರು ಜಾತ್ರೆಯನ್ನೇ ಮರೆಯುತ್ತಾರೆ. ನ್ಯಾಯದ ಬಗ್ಗೆ ಜಗತ್ತು ಇಂದಿಗೂ ಓದುವ ಪುಸ್ತಕಕ್ಕೆ ಪೀಠಿಕೆಯಾಗಿ ಸಿಕ್ಕದ್ದು ಬೇರೆ ಭಾಷೆಯ ಜನರ ದೇವತೆಯ ಇರುಳ ಜಾತ್ರೆ.

1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಕ್ಷೆಯಲ್ಲಿ ಗೆರೆ ಬಿತ್ತು. ಜಾತ್ರೆಗೆ ಆ ಗೆರೆ ತಾಗಲಿಲ್ಲ. ಗಡಿಯಾಚೆ ಹಾತಕಣಂಗಲೆ ತಾಲೂಕಿನ ಪಟ್ಟಣಕೊಡೋಲಿಯ ವಿಠ್ಠಲ ಬೀರದೇವನ ಜಾತ್ರೆಗೆ ನಮ್ಮವರು ಹೋಗುತ್ತಾರೆ, ಚಿಂಚಲಿಗೆ ಅವರು ಬರುತ್ತಾರೆ. ಹಗಲಿನ ಭಾಷಣಗಳಲ್ಲಿ ಕಾಣುವ ಗಡಿ ರಾತ್ರಿಯ ಡೊಳ್ಳಿನಲ್ಲಿ ಕೇಳುವುದಿಲ್ಲ.

ಎಲ್ಯೂಸಿಸ್ ದಾರಿ

ಅಥೆನ್ಸಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ ಎಲ್ಯೂಸಿಸ್ ಎಂಬ ಊರು. ಬೆಳೆಯ ತಾಯಿ ಡಿಮೀಟರ್ ಮತ್ತು ಅವಳ ಮಗಳ ಗುಡಿ ಅಲ್ಲಿತ್ತು. ಮಗಳನ್ನು ಪಾತಾಳದ ರಾಜ ಎತ್ತಿಕೊಂಡು ಹೋದಾಗ ತಾಯಿ ಪಂಜು ಹಿಡಿದು ಹುಡುಕುತ್ತ ಅಲೆದಳು, ಭೂಮಿಯಲ್ಲಿ ಬೆಳೆ ನಿಂತುಹೋಯಿತು ಎಂಬುದು ಕತೆ. ವರ್ಷಕ್ಕೊಮ್ಮೆ, ನಮ್ಮ ಭಾದ್ರಪದ-ಆಶ್ವಿನದ ಸುಮಾರಿಗೆ, ಭಕ್ತರು ಉಪವಾಸ ಮಾಡಿ ಅಥೆನ್ಸಿನಿಂದ ನಡೆದು ಹೋಗುತ್ತಿದ್ದರು. ದಾರಿಯ ಒಂದು ಸೇತುವೆ ಬಳಿ ದೊಡ್ಡ ದೊಡ್ಡವರನ್ನೂ ನಿಂತು ಬೈಯುವ, ಗೇಲಿ ಮಾಡುವ ರೂಢಿ ಇತ್ತು. ಕತ್ತಲಾದ ಮೇಲೆ ಪಂಜುಗಳ ಬೆಳಕಿನಲ್ಲಿ ಊರು ಸೇರಿ, ಹೆಂಗಸರು ಒಂದು ಬಾವಿಯ ಸುತ್ತ ಕುಣಿಯುತ್ತಿದ್ದರು. ಆಮೇಲಿನ ರಾತ್ರಿ ಒಳಗಿನ ದೊಡ್ಡ ಮಂಟಪದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಹೊರಗೆ ಹೇಳುವಂತಿರಲಿಲ್ಲ. ಹೇಳಿದವರಿಗೆ ಮರಣದಂಡನೆಯವರೆಗೆ ಶಿಕ್ಷೆ.

ಗಮನಿಸಬೇಕಾದದ್ದು ಒಳಗೆ ಯಾರಿಗೆ ಪ್ರವೇಶ ಇತ್ತು ಎಂಬುದು. ಗ್ರೀಕ್ ಮಾತು ಬರಬೇಕು, ಕೈಗೆ ಕೊಲೆಯ ರಕ್ತ ಅಂಟಿರಬಾರದು. ಇಷ್ಟಿದ್ದರೆ ಹೆಣ್ಣುಮಕ್ಕಳಿಗೂ ಪ್ರವೇಶ, ಗುಲಾಮರಿಗೂ ಪ್ರವೇಶ. ಹಗಲಿನ ಸಭೆಯಲ್ಲಿ ಮತ ಹಾಕುವ ಹಕ್ಕು ಇವರಿಬ್ಬರಿಗೂ ಇರಲಿಲ್ಲ. ರಾತ್ರಿಯ ಮಂಟಪದಲ್ಲಿ ಅವರು ಉಳಿದವರ ಸಾಲಿನಲ್ಲೇ ನಿಲ್ಲುತ್ತಿದ್ದರು.

ನಮ್ಮಲ್ಲೂ ಹೀಗೇ. ಹಗಲಲ್ಲಿ ಗೌಡರ ಎದುರು ಬಾಯಿ ಬಿಡದವನು ರಾತ್ರಿಯ ಆಟದಲ್ಲಿ ಪಾತ್ರ ಹಾಕಿ ಗೌಡರನ್ನೇ ಹಾಸ್ಯ ಮಾಡುತ್ತಾನೆ, ಗೌಡರು ನಗುತ್ತಾರೆ. ಆದರೆ ಸೂರ್ಯ ಹುಟ್ಟಿದ ಮೇಲೆ ಅವನು ಮತ್ತೆ ಅವನ ಜಾಗಕ್ಕೇ ಹೋಗುತ್ತಾನೆ. ರಾತ್ರಿ ಕೊಡುವ ಸಮಾನತೆ ಒಂದು ರಾತ್ರಿಯದು ಎಂಬುದನ್ನೂ ಮರೆಯಬಾರದು.

ನಸುಕಿನ ನುಡಿ

ಈಗ ಭಾಕಣೂಕಕ್ಕೆ ಬರೋಣ. ಗ್ರೀಕರಿಗೆ ಡೆಲ್ಫಿ ಎಂಬಲ್ಲಿ ದೇವನುಡಿ ಸಿಗುತ್ತಿತ್ತು. ಲಿಡಿಯ ದೇಶದ ರಾಜ ಕ್ರೀಸಸ್ ಪರ್ಷಿಯದ ಮೇಲೆ ಯುದ್ಧಕ್ಕೆ ಹೋಗಲೇ ಎಂದು ಕೇಳಿಸಿದ. ಹೋದರೆ ಒಂದು ದೊಡ್ಡ ರಾಜ್ಯ ನಾಶವಾಗುತ್ತದೆ ಎಂದು ಉತ್ತರ ಬಂತು. ಅವನು ಖುಷಿಯಿಂದ ಹೋದ. ನಾಶವಾದದ್ದು ಅವನ ರಾಜ್ಯವೇ. ಹೆರೊಡೋಟಸ್ ಎಂಬ ಇತಿಹಾಸಕಾರ ಈ ಕತೆ ಬರೆದಿಟ್ಟಿದ್ದಾನೆ.

ನಮ್ಮ ಮೈಲಾರದ ಕಾರಣಿಕವೂ ಹೀಗೇ. ಗೊರವಯ್ಯ ಬಿಲ್ಲೇರಿ ಹೇಳುವುದು ಒಂದೇ ಸಾಲು. ಅರ್ಥ ಮಾಡುವ ಕೆಲಸ ಕೇಳಿದವರದು. ರೈತ ಅದರಲ್ಲಿ ಮಳೆ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಮಳೆಯ ಬಗ್ಗೆ ತಿಳಿಯಲು ಹವಾಮಾನ ಇಲಾಖೆ ಇದೆ, ಬಿತ್ತನೆಯ ನಿರ್ಧಾರಕ್ಕೆ ಅದನ್ನೇ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಭಾಕಣೂಕ ಕೇಳಲು ಇಷ್ಟು ಜನ ಯಾಕೆ ಬರುತ್ತಾರೆ? ಉತ್ತರ ಆ ರಾತ್ರಿಯಲ್ಲಿದೆ ಅನಿಸುತ್ತದೆ. ಅದೇ ಮಾತನ್ನು ಮಧ್ಯಾಹ್ನ ಎರಡು ಗಂಟೆಗೆ ಸ್ಟ್ಯಾಂಡಿನಲ್ಲಿ ಯಾರಾದರೂ ಹೇಳಿದರೆ ಯಾರೂ ನಿಲ್ಲುವುದಿಲ್ಲ. ಸಾವಿರಾರು ಜನ ಒಟ್ಟಿಗೆ ನಿದ್ದೆಗೆಟ್ಟು, ಢೋಲು ಕೇಳಿ, ಚಳಿಯಲ್ಲಿ ಒಬ್ಬರ ಕಂಬಳಿ ಇನ್ನೊಬ್ಬರು ಹಂಚಿಕೊಂಡು ನಸುಕಿನವರೆಗೆ ಕಾದಾಗ ಹೇಳಿದ ಮಾತಿಗೆ ತೂಕ ಬರುತ್ತದೆ. ಮುಂದಿನ ವರ್ಷದ ಭಯವನ್ನು ಎಲ್ಲರೂ ಕೂಡಿ ಕೇಳಿಸಿಕೊಳ್ಳುತ್ತಾರೆ. ಮೊಬೈಲಿಗೆ ಬಂದ ಫಾರ್ವರ್ಡಿನಲ್ಲಿ ಆ ರಾತ್ರಿ ಇರುವುದಿಲ್ಲ, ಬರೀ ಭವಿಷ್ಯ ಇರುತ್ತದೆ. ಅದಕ್ಕೇ ಅದು ಬೇಗ ಗಾಳಿಸುದ್ದಿಯಾಗುತ್ತದೆ.

ರಾತ್ರಿಯ ಇನ್ನೊಂದು ಮುಖ

ಇಲ್ಲಿಯವರೆಗೆ ಹೇಳಿದ್ದು ಚೆಂದದ ಮಾತು. ರಾತ್ರಿಗೆ ಕೆಟ್ಟ ಮುಖವೂ ಇದೆ, ಅದರ ಬೆಲೆ ತೆತ್ತವರು ಹೆಣ್ಣುಮಕ್ಕಳು.

ಕ್ರಿ.ಪೂ. 4ನೇ ಶತಮಾನದ ಕೊನೆಗೆ ಅಥೆನ್ಸಿನಲ್ಲಿ ಮೆನಾಂಡರ್ ಎಂಬ ನಾಟಕಕಾರ ಇದ್ದ. ಅವನ ಒಂದು ನಾಟಕದ ದೊಡ್ಡ ಭಾಗ ಈಜಿಪ್ತಿನಲ್ಲಿ ಸಿಕ್ಕ ಪಪೈರಸ್ ಹಾಳೆಗಳಿಂದ 20ನೇ ಶತಮಾನದಲ್ಲಿ ಮತ್ತೆ ಬೆಳಕಿಗೆ ಬಂತು. ಅದರ ಕತೆ ಹೀಗಿದೆ. ಇರುಳ ಜಾತ್ರೆಯೊಂದರಲ್ಲಿ ಒಬ್ಬ ಹುಡುಗಿಯ ಮೇಲೆ ಕುಡಿದ ಯುವಕನೊಬ್ಬ ಅತ್ಯಾಚಾರ ಮಾಡುತ್ತಾನೆ. ಕತ್ತಲಲ್ಲಿ ಮುಖ ಕಾಣಲಿಲ್ಲ, ಅವನ ಉಂಗುರ ಮಾತ್ರ ಅವಳ ಕೈಗೆ ಸಿಕ್ಕಿತ್ತು. ಮುಂದೆ ಅವಳ ಮದುವೆಯಾಗುತ್ತದೆ. ಮದುವೆಯಾಗಿ ಐದೇ ತಿಂಗಳಿಗೆ ಮಗು ಹುಟ್ಟಿತೆಂದು ಗಂಡ ಮನೆ ಬಿಡುತ್ತಾನೆ. ಕೊನೆಗೆ ಉಂಗುರದಿಂದ ತಿಳಿಯುವುದೇನೆಂದರೆ, ಜಾತ್ರೆಯ ರಾತ್ರಿಯ ಆ ಯುವಕ ಅವಳ ಗಂಡನೇ. ನಾಟಕ ಸುಖಾಂತವಾಗಿ ಮುಗಿಯುತ್ತದೆ. ಅವಳಿಗೆ ನ್ಯಾಯ ಸಿಕ್ಕಿತೇ ಎಂದು ಯಾರೂ ಕೇಳುವುದಿಲ್ಲ. ಇಂಥ ಕತೆ ಅಂದಿನ ಹಾಸ್ಯನಾಟಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ ಎಂದರೆ ಅದು ನೋಡುವವರಿಗೆ ಹೊಸ ಸಂಗತಿಯಾಗಿರಲಿಲ್ಲ.

ನಮ್ಮ ಭಾಗದಲ್ಲಿ ಆ ಕೆಟ್ಟ ಮುಖಕ್ಕೆ ಬೇರೆ ಹೆಸರಿತ್ತು. ಎಲ್ಲಮ್ಮನ ಹೆಸರಿನಲ್ಲಿ ಬಡವರ, ಅದರಲ್ಲೂ ದಲಿತರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು. ಹೊಸ್ತಿಲ ಹುಣ್ಣಿಮೆ ಜೋಗತಿಯರು ಬಳೆ ಒಡೆದುಕೊಳ್ಳುವ ದಿನ, ಭಾರತ ಹುಣ್ಣಿಮೆ ಮತ್ತೆ ಬಳೆ ತೊಡುವ ಮುತ್ತೈದೆ ಹುಣ್ಣಿಮೆ. ಆ ಎರಡು ಹುಣ್ಣಿಮೆಗಳ ನಡುವೆ ಎಷ್ಟು ಎಳೆಯ ಮಕ್ಕಳ ಬಾಳು ಹೋಯಿತು. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗ 1934ರಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಬಂತು. 1982ರಲ್ಲಿ ಕರ್ನಾಟಕ ತನ್ನದೇ ನಿಷೇಧ ಕಾಯ್ದೆ ಮಾಡಿತು. ಕಾಯ್ದೆ ಬಂದ ಮೇಲೂ ಕದ್ದುಮುಚ್ಚಿ ನಡೆಯಿತು. ಅದನ್ನು ತಡೆಯಲು ಊರೂರು ಅಲೆದವರಲ್ಲಿ ಮುಖ್ಯರು ಹಿಂದೆ ದೇವದಾಸಿಯರಾಗಿದ್ದ ಹೆಂಗಸರೇ. ಘಟಪ್ರಭಾದಲ್ಲಿ ಅವರು ತಮ್ಮದೇ ಸಂಸ್ಥೆ ನಡೆಸಿದರು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡು, ಮುಂದೆ ಆ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಹಾಗಾಗಿ ಹಿಂದಿನದೆಲ್ಲ ಉಳಿಯಲಿ ಎಂದು ನಾವು ಹೇಳುವುದಿಲ್ಲ. ಚೌಡಕಿಯ ಪದ ಉಳಿಯಲಿ. ಚೌಡಕಿಯ ಹಿಂದೆ ಒಂದು ಮಗುವನ್ನು ಕಟ್ಟಿಹಾಕಿದ ಪದ್ಧತಿ ಹೋದದ್ದೇ ಒಳ್ಳೆಯದಾಯಿತು.

ಬಂದ್ ಮಾಡಿದವರು

ಅಧಿಕಾರದಲ್ಲಿದ್ದವರಿಗೆ ಜನ ರಾತ್ರಿ ಕೂಡುವುದು ಎಂದೂ ಸಮಾಧಾನ ತಂದಿಲ್ಲ. ಕ್ರಿ.ಪೂ. 186ರಲ್ಲಿ ರೋಮ್‌ನ ಸೆನೆಟ್ ಬಾಕಸ್ ದೇವರ ರಾತ್ರಿಪೂಜೆಗಳ ಮೇಲೆ ಕಟ್ಟುನಿಟ್ಟು ತಂದಿತು. ಆ ಆದೇಶ ಕೊರೆದ ಕಂಚಿನ ಹಲಗೆ ಇಟಲಿಯ ದಕ್ಷಿಣದಲ್ಲಿ ಸಿಕ್ಕಿದೆ. ಪೂರ್ತಿ ನಿಷೇಧ ಅಲ್ಲ, ಪರ್ಮಿಷನ್ ಬೇಕು. ಅಧಿಕಾರಿಗೆ ಅರ್ಜಿ ಕೊಡಬೇಕು, ಕನಿಷ್ಠ 100 ಸೆನೆಟರ್‌ಗಳು ಹಾಜರಿದ್ದಾಗ ಅದು ಒಪ್ಪಿಗೆಯಾಗಬೇಕು. ಒಪ್ಪಿಗೆ ಸಿಕ್ಕರೂ ಪೂಜೆಗೆ ಐದಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ, ಇಬ್ಬರು ಗಂಡಸರು, ಮೂವರು ಹೆಂಗಸರು. ಮುಂದೆ ಸಿಸೆರೊ ಎಂಬ ರೋಮನ್ ಪಂಡಿತ ತನ್ನ ಆದರ್ಶ ಕಾನೂನಿನಲ್ಲಿ ಹೆಂಗಸರ ರಾತ್ರಿಪೂಜೆಯನ್ನೇ ಬೇಡ ಎಂದ, ಊರಿನ ಪರವಾಗಿ ನಡೆಯುವುದನ್ನು ಮಾತ್ರ ಬಿಟ್ಟ. ತಪ್ಪು ಮಾಡುವವರು ಗಂಡಸರು, ಮನೆಯಲ್ಲಿ ಕೂರಬೇಕಾದವರು ಹೆಂಗಸರು. ಈ ಲೆಕ್ಕ ಇಂದಿಗೂ ಬದಲಾಗಿಲ್ಲ.

ಕ್ರಿ.ಶ. 4ನೇ ಶತಮಾನದ ಕೊನೆಗೆ ರೋಮ್ ಸಾಮ್ರಾಜ್ಯ ಕ್ರೈಸ್ತ ಧರ್ಮಕ್ಕೆ ಹೊರಳಿದಾಗ ಹಳೆಯ ಪೂಜೆಗಳು ನಿಷೇಧವಾದವು. ಸಾವಿರ ವರ್ಷ ನಡೆದ ಎಲ್ಯೂಸಿಸ್ ರಾತ್ರಿಗಳು ನಿಂತವು. ಜನ ಎಚ್ಚರ ಇರುವುದನ್ನು ಮಾತ್ರ ಬಿಡಲಿಲ್ಲ. ಹುತಾತ್ಮರ ಸಮಾಧಿಗಳ ಬಳಿ ರಾತ್ರಿ ಕೂತರು, ಈಸ್ಟರ್ ಹಿಂದಿನ ರಾತ್ರಿ ದೀಪ ಹಿಡಿದು ಕಾದರು. ಅಲ್ಲೂ ಮತ್ತೆ ಅದೇ ಜಗಳ. ಸ್ಪೇನಿನಲ್ಲಿ ಸೇರಿದ ಬಿಷಪ್ಪರ ಸಭೆಯೊಂದು ಹೆಂಗಸರು ಸ್ಮಶಾನದಲ್ಲಿ ಜಾಗರ ಕೂರಬಾರದು ಎಂದು ನಿಯಮ ಮಾಡಿತು. ದೇವರು ಬದಲಾದರೂ ಜಾಗರ ನಡೆಯಿತು, ಅದರ ಮೇಲಿನ ಕಣ್ಣಿಡುವಿಕೆಯೂ ನಡೆಯಿತು.

ಹತ್ತು ಗಂಟೆ ಮತ್ತು ಡಿಜೆ

ಈಗ ನಮ್ಮ ಕಾಲ. ಕೇಂದ್ರದ ಶಬ್ದಮಾಲಿನ್ಯ ನಿಯಮಗಳು 2000ರಲ್ಲಿ ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಲೌಡ್‌ಸ್ಪೀಕರ್ ಹಚ್ಚುವಂತಿಲ್ಲ. ಹಬ್ಬಗಳಿಗೆಂದು ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಈ ನಿಯಮ ಬೇಕಾದದ್ದೇ. ಪರೀಕ್ಷೆಗೆ ಓದುವ ಮಕ್ಕಳು, ಹೃದಯದ ಕಾಯಿಲೆಯವರು, ಹಸುಗೂಸು ಇರುವ ಮನೆ ಎಲ್ಲ ಊರಲ್ಲೂ ಇವೆ.

ಆದರೆ ಇದರಿಂದ ನಡೆದದ್ದು ವಿಚಿತ್ರ. ಡಿಜೆಯವರು ಸಂಜೆಯಿಂದ ಹತ್ತರೊಳಗೆ ಎದೆ ನಡುಗುವಷ್ಟು ಬಾರಿಸಿ ತಮ್ಮ ಪಾಲು ಮುಗಿಸಿಕೊಳ್ಳುತ್ತಾರೆ. ಹತ್ತರ ಮೇಲೆ ಶುರುವಾಗಿ ಬೆಳತನಕ ನಡೆಯಬೇಕಾದ ಪಾರಿಜಾತ, ಡೊಳ್ಳಿನ ಪದ, ಸವಾಲ್ ಜವಾಬ್‌ಗಳಿಗೆ ಹೊತ್ತೇ ಸಿಗುವುದಿಲ್ಲ. ಸತ್ಯಭಾಮೆಯ ಮುನಿಸನ್ನು ಎರಡು ತಾಸಿಗೆ ಇಳಿಸಿದರೆ ಅದು ಬರೀ ಸಿಟ್ಟಾಗುತ್ತದೆ, ಮುನಿಸಾಗುವುದಿಲ್ಲ. ಬೆಳಗಿನ ಜಾವದ ಪದಗಳನ್ನು ಹಾಡುವ ಹೊತ್ತು ತಪ್ಪಿದರೆ ಆ ಪದಗಳೇ ಮರೆತುಹೋಗುತ್ತವೆ. ಅವು ಯಾವ ಪುಸ್ತಕದಲ್ಲೂ ಇಲ್ಲ, ಹಾಡುವವರ ನಾಲಿಗೆ ಮೇಲಿವೆ.

ಒಂದು ಮಾತು ನೆನಪಿರಲಿ. ನಿಯಮ ತಡೆಯುವುದು ಸಪ್ಪಳವನ್ನು, ಎಚ್ಚರವನ್ನಲ್ಲ. ಮೈಕು ಬರುವ ಮುಂಚೆಯೂ ಕೌಜಲಗಿ ನಿಂಗಮ್ಮನಂಥವರ ದನಿ ಬಯಲಿನ ಕೊನೆಯವರಿಗೆ ಮುಟ್ಟುತ್ತಿತ್ತು, ಯಾಕೆಂದರೆ ಜನ ಸುಮ್ಮನೆ ಕೂತು ಕೇಳುತ್ತಿದ್ದರು. ಊರ ಹೊರಗಿನ ಬಯಲು, ಬರೀ ಕಂಠ, ಒಂದು ತುಂತುಣಿ, ತಾಳ ಇದ್ದರೆ ಯಾರ ನಿದ್ದೆಯೂ ಕೆಡುವುದಿಲ್ಲ.

ರಾತ್ರಿ ಎಚ್ಚರ ಇರುವುದು ನಮ್ಮ ಜನಕ್ಕೆ ಕಷ್ಟವೂ ಅಲ್ಲ. ಕಬ್ಬಿಗೆ ನೀರು ಹಾಯಿಸಲು ರಾತ್ರಿ ಪಾಳಿಯ ಕರೆಂಟಿಗೆ ಕಾದು ಕೂರುವವರು ಇಲ್ಲಿದ್ದಾರೆ. ಇಚಲಕರಂಜಿಯ ಮಗ್ಗಗಳಲ್ಲಿ ರಾತ್ರಿ ದುಡಿಯುವವರಿದ್ದಾರೆ. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ಬೆಳಗು ಮಾಡುವವರಿದ್ದಾರೆ. ನಿಪ್ಪಾಣಿಯ ಸಹಕಾರಿ ಕಾರ್ಖಾನೆಗೂ ಹಾಲಸಿದ್ಧನಾಥನದೇ ಹೆಸರು. ಹಿಂದೆ ಹಗಲು ದುಡಿಮೆಯದು, ರಾತ್ರಿ ನಮ್ಮದು ಆಗಿತ್ತು. ಈಗ ರಾತ್ರಿಯೂ ದುಡಿಮೆಯದಾಗುತ್ತಿದೆ. ಒಬ್ಬೊಬ್ಬರೇ ಎಚ್ಚರ ಇದ್ದೇವೆ, ಮೊಬೈಲ್ ಹಿಡಿದು. ಕೂಡಿ ಎಚ್ಚರ ಇರುವ ರಾತ್ರಿಗಳು ಕಡಿಮೆಯಾಗಿವೆ.

ಮಾಡಬೇಕಾದದ್ದು

ಜಾತ್ರೆ ಕಮಿಟಿಯವರಿಗೆ ನಮ್ಮ ವಿನಂತಿ ಇಷ್ಟೇ. ಡಿಜೆಗೆ ಕೊಡುವ ಹಣದಲ್ಲಿ ಅರ್ಧ ಉಳಿಸಿ ಒಂದು ಪಾರಿಜಾತ ಮೇಳ, ಒಂದು ಡೊಳ್ಳಿನ ಮೇಳ ಕರೆಸಿ, ಪೂರ್ತಿ ರಾತ್ರಿ ಕೊಡಿ. ಹೆಣ್ಣುಮಕ್ಕಳು ಬರಬಾರದು ಎನ್ನುವ ಬದಲು ಅವರು ಬರುವಂತೆ ಮಾಡಿ. ದಾರಿಗೆ ಲೈಟು, ಶೌಚಾಲಯ, ಬೆಳಗಿನ ಜಾವಕ್ಕೊಂದು ಬಸ್ಸು, ಕುಡಿದು ಬಂದವರನ್ನು ಹೊರಗೆ ಕಳಿಸುವ ಧೈರ್ಯ ಇರಲಿ. ಅಥೆನ್ಸಿನವರು ಅವರ ರಾತ್ರಿಗಳನ್ನು ಚೆಂದ ಮಾಡಿದರು, ಕ್ಷೇಮ ಮಾಡಲಿಲ್ಲ. ರೋಮಿನವರು ಕ್ಷೇಮದ ಹೆಸರಿನಲ್ಲಿ ರಾತ್ರಿಗೆ ಬೀಗ ಹಾಕಿದರು. ನಾವು ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿಯಬಹುದು.

ಓದುವ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ನಿಮ್ಮ ಕೈಯಲ್ಲಿ ಫೋನಿದೆ. ನಿಮ್ಮ ಓಣಿಯಲ್ಲಿ ಗೊಂದಲ ಹಾಕುವ ಕಾಕಾ, ಮೊಹರಂ ಪದ ಹೇಳುವ ಚಾಚಾ, ಬೀಸುವ ಪದ ಬಲ್ಲ ಆಯಿ ಇರಬಹುದು. ಅವರನ್ನು ಕೇಳಿ, ಒಪ್ಪಿಗೆ ಪಡೆದು, ಪೂರ್ತಿ ಪದ ರೆಕಾರ್ಡ್ ಮಾಡಿಕೊಳ್ಳಿ. ಮೂವತ್ತು ಸೆಕೆಂಡಿನ ರೀಲ್ ಬೇಡ. ಯಾರು ಕಲಿಸಿದರು, ಯಾವ ಜಾತ್ರೆಯಲ್ಲಿ, ರಾತ್ರಿಯ ಯಾವ ಹೊತ್ತಿಗೆ ಹಾಡುತ್ತಿದ್ದರು ಎಂಬುದನ್ನೂ ಕೇಳಿ ಬರೆದಿಡಿ.

ಎಲ್ಯೂಸಿಸ್‌ನ ಮಂಟಪದಲ್ಲಿ ಆ ರಾತ್ರಿ ಏನು ಹಾಡುತ್ತಿದ್ದರು ಎಂದು ಇಂದು ಜಗತ್ತಿನಲ್ಲಿ ಹೇಳಬಲ್ಲವರು ಒಬ್ಬರೂ ಇಲ್ಲ. ಅಲ್ಲಿ ಗುಟ್ಟು ಕಾಯ್ದಿದ್ದಕ್ಕೆ ಹಾಗಾಯಿತು. ನಮ್ಮಲ್ಲಿ ಗುಟ್ಟೇನೂ ಇಲ್ಲ, ಕೇಳುವವರು ಕೂತರೆ ಹಾಡಲು ಇನ್ನೂ ಜನ ಇದ್ದಾರೆ.